ಕಾಂಕ್ರೀಟ್ ಕಾಲುದಾರಿಯ ಕಲೆಯೂ ಅಕ್ಕಪಕ್ಕದ ಕಾಳಜಿಯೂ

ಕಾಲುದಾರಿಯಲ್ಲಿ ಕಲೆ ಕಂಡೊಡನೆ ಆಸಿಡ್ ಬಾಟಲಿಗೆ ಕೈ ಹಾಕುವವರು ಬಹಳ ಮಂದಿ. ದಯವಿಟ್ಟು ಮೊದಲು ಅದು ಯಾವುದರ ಕಲೆ ಎಂದು ನೋಡಿಕೊಳ್ಳಿ. ಆಸಿಡ್ ಎಣ್ಣೆಯ ಜಿಡ್ಡನ್ನು ಬಿಡಿಸುವುದಿಲ್ಲ. ಬದಲಿಗೆ ಸಿಮೆಂಟನ್ನೇ ತಿಂದು ನೆಲವನ್ನು ತರಿತರಿಯಾಗಿಸುತ್ತದೆ, ಆ ತರಿಗಳಲ್ಲಿ ಕೊಳೆ ಮತ್ತಷ್ಟು ಬೇಗ ಕೂರುತ್ತದೆ. ಅದರ ಹೊಗೆ ತಾಗಿದ ಕಬ್ಬಿಣದ ಗೇಟು ತುಕ್ಕು ಹಿಡಿಯುತ್ತದೆ, ಹನಿ ಸಿಡಿದ ಅಮೃತಶಿಲೆಯ ಮೆಟ್ಟಿಲು ಹೊಳಪು ಕಳೆದುಕೊಳ್ಳುತ್ತದೆ.

ಕೆಲಸ ಶುರುಮಾಡುವ ಮುನ್ನ ದಾರಿಯನ್ನು ಒಣಗಿದ್ದಾಗಲೇ ಗುಡಿಸಿ, ಒಂದು ಬಿಂದಿಗೆ ನೀರು ಸುರಿದು ಅದು ಯಾವ ಕಡೆಗೆ ಹರಿಯುತ್ತದೆ ಎಂದು ಗಮನಿಸಿ. ತೊಳೆದ ನೀರೆಲ್ಲ ಸೇರುವುದು ಅಲ್ಲಿಗೇ. ಆ ಬದಿಯ ಗಿಡಗಳಿಗೂ ಮಣ್ಣಿಗೂ ಧಾರಾಳವಾಗಿ ನೀರುಣಿಸಿದರೆ, ಮೊದಲೇ ನೀರು ಕುಡಿದ ಮಣ್ಣು ಸೋಪು ಅಥವಾ ಬ್ಲೀಚನ್ನು ಅಷ್ಟಾಗಿ ಹೀರುವುದಿಲ್ಲ. ಗೋಡೆಯ ಬುಡಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿ. ಬಿಸಿಲಿಳಿದ ಹೊತ್ತೇ ಇದಕ್ಕೆ ಸರಿ, ಏಕೆಂದರೆ ಹಚ್ಚಿದ ದ್ರಾವಣ ಅಲ್ಲೇ ಒಣಗಿದರೆ ಅದೇ ಹೊಸ ಕಲೆಯಾಗುತ್ತದೆ.

ಎಲ್ಲಕ್ಕಿಂತ ಹೆಚ್ಚು ತಾಳ್ಮೆ ಬೇಕಾದದ್ದು ಎಣ್ಣೆಯ ಕಲೆಗೆ. ಈಗಷ್ಟೇ ಚೆಲ್ಲಿದ ಎಣ್ಣೆಯನ್ನು ಉಜ್ಜಲೇಬೇಡಿ, ಉಜ್ಜಿದಷ್ಟೂ ಅದು ಕಾಂಕ್ರೀಟಿನ ಸಣ್ಣ ರಂಧ್ರಗಳೊಳಗೆ ಇಳಿಯುತ್ತದೆ. ಮರದ ಹೊಟ್ಟನ್ನೋ ಒಣ ಮರಳನ್ನೋ ದಪ್ಪವಾಗಿ ಹರಡಿ ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಗುಡಿಸಿ ತೆಗೆಯಿರಿ. ಉಳಿದ ಕಪ್ಪಿಗೆ ವಾಷಿಂಗ್ ಸೋಡಾವನ್ನು ಸ್ವಲ್ಪವೇ ನೀರಿನಲ್ಲಿ ಗಟ್ಟಿಯಾಗಿ ಕಲಸಿ ಮೆತ್ತಿ, ಕೆಲವು ಗಂಟೆಗಳ ಬಳಿಕ ಬಿಸಿನೀರು ಹಾಕಿ ಗಡುಸು ನೈಲಾನ್ ಬ್ರಶ್ಶಿನಿಂದ ತಿಕ್ಕಬೇಕು. ಕೈಗವಸು ಮರೆಯಬೇಡಿ. ಹಳೆಯ ಎಣ್ಣೆಯು ಒಳಗಿನಿಂದ ಮತ್ತೆ ಮೇಲೇರಿ ಬರುವುದುಂಟು. ಆಗ ಬೇಸರಪಡದೆ ಇನ್ನೊಮ್ಮೆ ಮೆತ್ತಿ. ತಂತಿಯ ಬ್ರಶ್ ಮಾತ್ರ ಬೇಡ, ಅದರಿಂದ ಉದುರಿ ಸಿಕ್ಕಿಕೊಂಡ ಉಕ್ಕಿನ ಚೂರುಗಳು ಆಮೇಲೆ ತುಕ್ಕಿನ ಚುಕ್ಕೆಗಳಾಗುತ್ತವೆ.

ತುಕ್ಕಿನ ಕಲೆಗೆ ನಿಂಬೆರಸ ಅಥವಾ ಸಿಟ್ರಿಕ್ ಆಸಿಡ್ ದ್ರಾವಣ ಸಾಕು. ಇದು ಸೌಮ್ಯವಾದರೂ ಆಮ್ಲವೇ ಆದ್ದರಿಂದ ಮರೆಯ ಮೂಲೆಯೊಂದರಲ್ಲಿ ಮೊದಲು ಪರೀಕ್ಷಿಸಿ, ಕೆಲವೇ ನಿಮಿಷಗಳಲ್ಲಿ ಚೆನ್ನಾಗಿ ತೊಳೆದುಬಿಡಿ.

ಪಾಚಿ ಕಟ್ಟಿದ ಜಾಗದಲ್ಲಿ ಒಂದು ಪಾಲು ಮನೆಬಳಕೆಯ ಬ್ಲೀಚಿಗೆ 10 ಪಾಲು ನೀರು ಬೆರೆಸಿ ಹಚ್ಚಿ, 10ರಿಂದ 15 ನಿಮಿಷದ ನಂತರ ತಿಕ್ಕಿ ತೊಳೆಯಿರಿ. ಬ್ಲೀಚನ್ನು ಆಸಿಡ್‌ನೊಂದಿಗಾಗಲಿ ಅಮೋನಿಯಾ ಇರುವ ಕ್ಲೀನರಿನೊಂದಿಗಾಗಲಿ ಎಂದಿಗೂ ಸೇರಿಸಬಾರದು, ಹುಟ್ಟುವ ವಿಷಾನಿಲ ಪ್ರಾಣಕ್ಕೇ ಕುತ್ತು ತರಬಲ್ಲದು. ತುಕ್ಕೂ ಪಾಚಿಯೂ ಒಂದೇ ಕಡೆ ಇದ್ದರೆ ಆ ಎರಡು ಕೆಲಸಗಳನ್ನು ಬೇರೆ ಬೇರೆ ದಿನ ಮಾಡಿಕೊಳ್ಳಿ.

ಪ್ರೆಷರ್ ವಾಷರ್ ಬಳಸುವವರು ನೀರು ಬೀಸಣಿಗೆಯಂತೆ ಹರಡುವ ನಾಝಲ್ ಹಾಕಿ, ನೆಲದಿಂದ ಒಂದಡಿಯಾದರೂ ದೂರ ಹಿಡಿದು, ಒಂದೇ ಕಡೆ ನಿಲ್ಲಿಸದೆ ಆಡಿಸುತ್ತಿರಬೇಕು. ಸೂಜಿಯಂಥ ಧಾರೆ ಕಾಂಕ್ರೀಟಿನಲ್ಲಿ ಅಳಿಯದ ಗೆರೆ ಕೊರೆಯುತ್ತದೆ, ಬಣ್ಣದ ಗೋಡೆಗೆ ತಾಗಿದರೆ ಬಣ್ಣ ಚಕ್ಕೆಯಾಗಿ ಏಳುತ್ತದೆ. ಆದ್ದರಿಂದ ಗೋಡೆಯಂಚಿನ ಒಂದು ಗೇಣು ಜಾಗವನ್ನು ಯಂತ್ರಕ್ಕೆ ಬಿಡದೆ ಕೈಯಿಂದಲೇ ತಿಕ್ಕಿ.