‘ನನ್ನ ಮುಂದೆ’ ಅಂತ ಬರೆಯುವ ಮೊದಲು

ಮಂಗಳೂರಿನಲ್ಲಿ ವಕೀಲಿ ಶುರು ಮಾಡಿದ ಹೊಸತರಲ್ಲಿ ನಾನು ಕೋರ್ಟಿಗೆ ಕೊಟ್ಟ ಒಂದು ಅಫಿಡವಿಟ್ ವಾಪಸ್ ಬಂತು. ಕಕ್ಷಿದಾರರು ಪರಿಚಯದ ಗೆಜೆಟೆಡ್ ಅಧಿಕಾರಿಯೊಬ್ಬರ ಹತ್ತಿರ ಸಹಿ ಮಾಡಿಸಿಕೊಂಡು ಬಂದಿದ್ದರು. ಹಸಿರು ಶಾಯಿ, ಸೀಲು ಎಲ್ಲ ಇತ್ತು. ನಾನೂ ಸರಿ ಅಂದುಕೊಂಡೆ. ತುರ್ತು ಅರ್ಜಿ ಅದು, ಒಂದು ವಾರ ಮುಂದಕ್ಕೆ ಹೋಯಿತು. ಆ ಮನೆಯವರ ಮುಖ ಈಗಲೂ ಕಣ್ಣ ಮುಂದೆ ಬರುತ್ತದೆ.

ಅವತ್ತು ಸಂಜೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 139ನೇ ಕಲಂ ಬಿಡಿಸಿ ಓದಿದೆ. ಕೆಲವೇ ಸಾಲು. ಪ್ರಮಾಣ ಮಾಡಿಸಬಹುದಾದವರು ಯಾರು ಅಂದರೆ, ಕೋರ್ಟು ಅಥವಾ ಮ್ಯಾಜಿಸ್ಟ್ರೇಟ್, 1952ರ ಕಾಯ್ದೆಯಡಿ ನೇಮಕವಾದ ನೋಟರಿ, ಹೈಕೋರ್ಟ್ ಈ ಕೆಲಸಕ್ಕೆಂದು ನೇಮಿಸಿದವರು, ಮತ್ತೆ ರಾಜ್ಯ ಸರ್ಕಾರ ಅಧಿಕಾರ ಕೊಟ್ಟ ಬೇರೆ ಕೋರ್ಟ್ ನೇಮಿಸಿದ ಅಧಿಕಾರಿ. ಗೆಜೆಟೆಡ್ ಅಧಿಕಾರಿಯ ಹೆಸರೇ ಅಲ್ಲಿಲ್ಲ. ಅವರು ಅಂಕಪಟ್ಟಿಯ ಜೆರಾಕ್ಸಿಗೆ ಸಹಿ ಹಾಕಬಹುದು. ಅದು ನಕಲನ್ನು ಮೂಲದ ಜೊತೆ ತಾಳೆ ನೋಡುವ ಕೆಲಸ. ಅಫಿಡವಿಟ್ ಹಾಗಲ್ಲ. ಒಬ್ಬ ಮನುಷ್ಯ ಎದುರು ನಿಂತು ‘ಇದು ಸತ್ಯ’ ಅಂತ ಹೇಳಬೇಕು, ಅದನ್ನು ಹೇಳಿಸುವ ಅಧಿಕಾರ ಎದುರಿಗಿದ್ದವರಿಗೆ ಇರಬೇಕು.  

ಈಗ ನಾನೇ ನೋಟರಿ. ಕರಂಗಲ್ಪಾಡಿ ಹತ್ತಿರ ಚಿಕ್ಕ ಆಫೀಸು. ನನ್ನ ದುಂಡು ಮೊಹರಿನ ಅಗಲ 5 ಸೆಂಟಿಮೀಟರ್. ಅದರಲ್ಲಿ ನನ್ನ ಹೆಸರು, ನನಗೆ ಕೊಟ್ಟ ಪ್ರದೇಶ, ನೇಮಿಸಿದ ಸರ್ಕಾರದ ಹೆಸರು ಇರಬೇಕು ಅಂತ ನೋಟರಿ ನಿಯಮವೇ ಹೇಳುತ್ತದೆ. ಆದರೆ ಮೊಹರಿನ ಜೊತೆ ಬರೆಯುವ ‘ನನ್ನ ಮುಂದೆ’, ಅಂದರೆ ಸಹಿ ನನ್ನ ಎದುರೇ ಆಯಿತು, ಅನ್ನುವ ಮಾತಿಗೆ ನಾನೇ ಜವಾಬ್ದಾರಿ. ಅದಕ್ಕೇ ಮೊದಲೇ ಸಹಿ ಮಾಡಿ ತಂದ ಕಾಗದ ನಾನು ಮುಟ್ಟುವುದಿಲ್ಲ.

ಒಮ್ಮೆ ಒಬ್ಬರು ದುಬೈಯಲ್ಲಿರುವ ತಮ್ಮನ ಅಫಿಡವಿಟ್ ತಂದರು. ಸಹಿ ಆಗಿ ಕೊರಿಯರಿನಲ್ಲಿ ಬಂದಿತ್ತು. ‘ಒಂದು ಸೀಲ್ ಹಾಕಿ ಕೊಡಿ ಮೇಡಂ, ಅವ ನನ್ನ ತಮ್ಮನೇ ಅಲ್ವಾ, ವಿಡಿಯೋ ಕಾಲ್ ಮಾಡ್ತೇನೆ ಬೇಕಾದ್ರೆ’ ಅಂದರು. ಅವರ ಮಾತಿನಲ್ಲಿ ಸುಳ್ಳಿರಲಿಲ್ಲ. ಆದರೂ ಆಗುವುದಿಲ್ಲ ಅಂದೆ. ದುಬೈಯಲ್ಲೇ ನಮ್ಮ ಕಾನ್ಸುಲೇಟ್, ಅಂದರೆ ಭಾರತ ಸರ್ಕಾರದ ಕಚೇರಿ, ಇದೆ. 1948ರ ಕಾಯ್ದೆ ಅಲ್ಲಿನ ಅಧಿಕಾರಿಗೆ ಇಲ್ಲಿಯ ನೋಟರಿಗಿರುವ ಅಧಿಕಾರವನ್ನೇ ಕೊಟ್ಟಿದೆ. ತಮ್ಮ ಅಲ್ಲಿಗೆ ಹೋಗಿ ಸಹಿ ಮಾಡಿ ಕಳಿಸಿದರು. ಗಲ್ಫಿನಲ್ಲಿ ಮಕ್ಕಳಿರುವ ಮನೆಗಳು ನಮ್ಮಲ್ಲಿ ಜಾಸ್ತಿ. ಇದನ್ನು ತಿಳಿದಿಟ್ಟುಕೊಂಡರೆ ಎಷ್ಟೋ ಓಡಾಟ ಉಳಿಯುತ್ತದೆ.

ಇನ್ನೊಂದು ದಿನ ಒಬ್ಬ ಹುಡುಗ ಅಜ್ಜಿಯನ್ನು ಕರೆದುಕೊಂಡು ಬಂದ. ಆರ್‌ಟಿಸಿಯಲ್ಲಿ (ಜಮೀನಿನ ಪಹಣಿ) ಅಜ್ಜಿಯ ಹೆಸರಿನ ಜೊತೆ ‘ಪೂಜಾರ್ತಿ’, ಆಧಾರಿನಲ್ಲಿ ‘ಪೂಜಾರಿ’. ಹಳೇ ದಾಖಲೆಗಳಲ್ಲಿ ಹೆಂಗಸರಿಗೆ ಪೂಜಾರ್ತಿ, ಶೆಡ್ತಿ ಅಂತ ಬರೆದು, ಹೊಸದರಲ್ಲಿ ಪೂಜಾರಿ, ಶೆಟ್ಟಿ ಆದದ್ದು ನಮ್ಮ ಕಡೆ ದಿನಾ ಎದುರಾಗುವ ತೊಡಕು. ಇಬ್ಬರೂ ಒಬ್ಬರೇ ಅಂತ ಅಫಿಡವಿಟ್ ಬೇಕಿತ್ತು. ಇಂಗ್ಲಿಷಿನಲ್ಲಿ ಟೈಪ್ ಮಾಡಿಸಿಕೊಂಡು ಬಂದಿದ್ದರು. ಅಜ್ಜಿಗೆ ಬರುವುದು ತುಳು.

ಒಂದೊಂದೇ ಸಾಲು ತುಳುವಿನಲ್ಲಿ ಹೇಳುತ್ತಾ ಹೋದೆ. ಹೆಸರು, ವಯಸ್ಸು, ಊರು ಎಲ್ಲದಕ್ಕೂ ತಲೆಯಾಡಿಸಿದರು. ನಾಲ್ಕನೇ ಪ್ಯಾರಾದಲ್ಲಿ ‘ಈ ಜಾಗದಲ್ಲಿ ಬೇರೆ ಯಾರಿಗೂ ಹಕ್ಕಿಲ್ಲ’ ಅಂತ ಇತ್ತು. ಅಜ್ಜಿ ಕೈ ಅಡ್ಡ ಹಿಡಿದರು. ತಂಗಿಗೂ ಪಾಲುಂಟು, ಇಲ್ಲ ಅಂತ ಹೇಗೆ ಹೇಳುವುದು ಅಂತ ಕೇಳಿದರು. ಹುಡುಗ ಗಾಬರಿಯಾದ. ಅವನದ್ದು ಮೋಸವಲ್ಲ. ಟೈಪಿಂಗ್ ಅಂಗಡಿಯಲ್ಲಿ ಬೇರೆ ಯಾರದೋ ಅಫಿಡವಿಟ್ಟಿನ ಸಾಲು ಹಾಗೇ ಉಳಿದುಬಿಟ್ಟಿತ್ತು. ಆದರೆ ಸಹಿ ಬಿದ್ದಿದ್ದರೆ ಆ ಸುಳ್ಳು ಅಜ್ಜಿಯದ್ದಾಗುತ್ತಿತ್ತು. ತಂಗಿಯ ಜೊತೆ ವ್ಯಾಜ್ಯವೂ ಆಗುತ್ತಿತ್ತೋ ಏನೋ. ಓದಿ ಹೇಳದೆ ಸೀಲು ಹಾಕುವುದು ದೊಡ್ಡ ತಪ್ಪು ಅಂತ ನಾನು ನಂಬಿರುವುದು ಇದಕ್ಕೇ.

ಹೊಸ ಇ-ಸ್ಟಾಂಪ್ ತೆಗೆದು, ಆ ಪ್ಯಾರಾ ಬಿಟ್ಟು ಮತ್ತೆ ಪ್ರಿಂಟ್ ಮಾಡಿಸಿ ಬನ್ನಿ ಅಂದೆ. ಇನ್ನೂ 100 ರೂಪಾಯಿ ಹೋಯಿತಲ್ಲ ಅಂತ ಹುಡುಗನಿಗೆ ಬೇಜಾರು. ಅಜ್ಜಿ ಬೆಂಚಿನಲ್ಲಿ ಕಾದು ಕೂತರು.

ಕಾಗದ ಬಂದ ಮೇಲೆ ಇನ್ನೊಮ್ಮೆ ಪೂರ್ತಿ ಹೇಳಿದೆ. ಈಗ ಪ್ರಮಾಣ ಮಾಡಬೇಕು ಅಜ್ಜಿ, ದೇವರ ಹೆಸರಿನಲ್ಲಾದರೂ ಸರಿ, ಬರೀ ಸತ್ಯ ಅಂತ ದೃಢವಾಗಿ ಹೇಳಿದರೂ ಸರಿ ಅಂದೆ. 1969ರ ಪ್ರಮಾಣಗಳ ಕಾಯ್ದೆಯಲ್ಲಿ ಎರಡಕ್ಕೂ ಅವಕಾಶ ಇದೆ. ಅಜ್ಜಿ ತಿಳಿದ ಆಣೆ-ಪ್ರಮಾಣ ಅಂದರೆ ದೈವದ ಎದುರಿನದು, ಇಲ್ಲ ಧರ್ಮಸ್ಥಳದ್ದು. ಅವರು ಎದ್ದು ಹೊರಗೆ ಹೋದರು. ಏನಾಯಿತು ಅಂತ ನೋಡಿದರೆ, ಚಪ್ಪಲಿ ಬಾಗಿಲ ಹೊರಗೆ ಬಿಟ್ಟು, ಸೆರಗು ಸರಿ ಮಾಡಿಕೊಂಡು ಒಳಗೆ ಬರುತ್ತಿದ್ದರು. ಮೇಜಿನ ಎದುರು ನಿಂತು ಕೈ ಮುಗಿದು ‘ಸತ್ಯ ಪಣ್ಪೆ’ (ಸತ್ಯ ಹೇಳುತ್ತೇನೆ) ಅಂದರು. ನಾನೂ ಎದ್ದು ನಿಂತೆ. ಆಮೇಲೆ ಅವರು ಅಫಿಡವಿಟ್ಟಿನಲ್ಲೂ ನನ್ನ ರಿಜಿಸ್ಟರಿನಲ್ಲೂ ನಿಧಾನವಾಗಿ ಒಂದೊಂದೇ ಅಕ್ಷರ ಕೂಡಿಸಿ ಸಹಿ ಮಾಡಿದರು. ತುಳುವಿನಲ್ಲಿ ಓದಿ ತಿಳಿಸಲಾಗಿದೆ ಅಂತ ಕೆಳಗೆ ಬರೆದು ನಾನು ಮೊಹರು ಒತ್ತಿದೆ.