ಕನ್ನಡದ ಪಿಡಿಎಫ್ ಮಾಡುತ್ತಿದ್ದೀರಾ? ಓಕೆ ಒತ್ತುವ ಮುನ್ನ ಈ ಪದಗಳು ಗೊತ್ತಿರಲಿ

ಎಂಬೆಡ್, ಟ್ಯಾಗ್, ಫ್ಲ್ಯಾಟನ್, ಓಸಿಆರ್, ಪಿಡಿಎಫ್/ಎ. ಕಡತ ಉಳಿಸುವಾಗ ಇಂಥ ಪದಗಳಿರುವ ಕಿಟಕಿ ತೆರೆದುಕೊಂಡರೆ ಹೆಚ್ಚಿನವರು ಅದರ ತಂಟೆಗೇ ಹೋಗದೆ ಓಕೆ ಒತ್ತಿಬಿಡುತ್ತಾರೆ. ಇಂಗ್ಲಿಷ್ ಕಡತಕ್ಕೆ ಅದರಿಂದ ದೊಡ್ಡ ನಷ್ಟವೇನೂ ಇಲ್ಲ. ಕನ್ನಡದ ಕಡತಕ್ಕೆ ಇದೆ: ಪುಟ ನೋಡಲು ಚೆನ್ನಾಗಿರುತ್ತದೆ, ಆದರೆ ಅದರಲ್ಲಿ ಒಂದು ಹೆಸರು ಹುಡುಕಿದರೆ ಸಿಗುವುದಿಲ್ಲ.

ಇದಕ್ಕೆ ಕಾರಣ ಪಿಡಿಎಫ್‌ನ ಹುಟ್ಟಿನಲ್ಲೇ ಇದೆ. ಯಾವ ಕಂಪ್ಯೂಟರಿನಲ್ಲಿ ತೆರೆದರೂ, ಯಾವ ಪ್ರಿಂಟರಿಗೆ ಕಳಿಸಿದರೂ ಪುಟ ಒಂದೇ ತೆರನಾಗಿ ಕಾಣಬೇಕು ಎಂದು ಅಡೋಬಿ ಕಂಪನಿ 1993ರಲ್ಲಿ ಇದನ್ನು ಹೊರತಂದಿತು. 2008ರಲ್ಲಿ ಇದು ಐಎಸ್‌ಒ ಎಂಬ ಅಂತರರಾಷ್ಟ್ರೀಯ ಸಂಸ್ಥೆಯ ಮಾನಕವಾಯಿತು. ಕಾಣುವುದೇ ಮುಖ್ಯವಾದ್ದರಿಂದ ಒಳಗೆ ಇರುವುದು ‘ಈ ಆಕಾರವನ್ನು ಈ ಜಾಗದಲ್ಲಿ ಬರೆ’ ಎಂಬ ಸೂಚನೆಗಳು. ಆ ಆಕಾರವೇ ಗ್ಲಿಫ್. ಯಾವ ಗ್ಲಿಫ್ ಯಾವ ಅಕ್ಷರಕ್ಕೆ ಸೇರಿದ್ದು ಎಂದು ತಿಳಿಸುವ ಪಟ್ಟಿಗೆ ‘ಟುಯೂನಿಕೋಡ್’ ಎನ್ನುತ್ತಾರೆ. ಅದು ಸರಿಯಾಗಿದ್ದರೆ ಮಾತ್ರ ಹುಡುಕಾಟ, ನಕಲು, ದೃಷ್ಟಿದೋಷ ಇರುವವರಿಗೆ ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ, ಎಲ್ಲವೂ ಕೆಲಸ ಮಾಡುತ್ತವೆ.

‘ಕರ್ನಾಟಕ’ ಎಂಬ ಪದವನ್ನೇ ನೋಡಿ. ಟೈಪಿಸುವಾಗ ರಕಾರ ನಕಾರಕ್ಕಿಂತ ಮೊದಲು ಬರುತ್ತದೆ. ಪುಟದ ಮೇಲೆ ಅರ್ಕಾವೊತ್ತು ಕೂರುವುದು ‘ನಾ’ ಆದ ಮೇಲೆ. ಪಿಡಿಎಫ್ ಬರೆದುಕೊಳ್ಳುವುದು ಕಂಡ ಕ್ರಮವನ್ನು. ಹಾಗಾಗಿ ಅದರಿಂದ ನಕಲು ಮಾಡಿ ಬೇರೆಡೆ ಅಂಟಿಸಿದರೆ ‘ಕನಾರ್ಟಕ’ ಆಗಿ ಬೀಳುವುದುಂಟು. ಜಾಲತಾಣಗಳಲ್ಲಿ ಈ ಕನಾರ್ಟಕವನ್ನು ಕಂಡು ಬರೆದವರ ಕಾಗುಣಿತವನ್ನು ಹಳಿದವರು ಕಡಿಮೆಯಿಲ್ಲ. ಎಷ್ಟೋ ಸಲ ತಪ್ಪು ಅವರದಲ್ಲ.

ಮೊದಲು ಬರಹ, ಆಮೇಲೆ ಪಿಡಿಎಫ್

ಹಾಗಾಗಿ ಮೊದಲ ಹೆಜ್ಜೆ ಟೈಪಿಸುವಾಗಲೇ ಇಡಬೇಕು. ನುಡಿ, ಬರಹ ತಂತ್ರಾಂಶಗಳಲ್ಲಿ ಯಾವುದನ್ನೇ ಬಳಸಿ, ಯೂನಿಕೋಡ್ (ಪ್ರತಿ ಅಕ್ಷರಕ್ಕೂ ಎಲ್ಲೆಡೆ ಒಂದೇ ಸಂಕೇತ ಕೊಡುವ ಪದ್ಧತಿ) ಆಯ್ಕೆಯಲ್ಲಿ ಟೈಪಿಸಿ. ಹಳೆಯ ಆಸ್ಕಿ ಫಾಂಟುಗಳಲ್ಲಿ ಕನ್ನಡ ಅಕ್ಷರವೆಂಬುದೇ ಇಲ್ಲ, ರೋಮನ್ ಸಂಕೇತಗಳಿಗೆ ಕನ್ನಡದ ಆಕಾರ ತೊಡಿಸಿರುತ್ತಾರೆ. ಫಾಂಟ್ ತೆಗೆದರೆ ತಲೆಮೇಲೆ ಗೀಟು, ಚುಕ್ಕಿ ಹೊತ್ತ ಯುರೋಪಿನ ಅಕ್ಷರಗಳಷ್ಟೇ ಉಳಿಯುತ್ತವೆ. ಅಂಥ ಕಡತ ಕೈಯಲ್ಲಿದ್ದರೆ ಪರಿವರ್ತಕದಿಂದ ಯೂನಿಕೋಡಿಗೆ ತಂದು, ಒಮ್ಮೆ ತಿದ್ದಿ, ಆಮೇಲೆ ಮುಂದುವರಿಯಿರಿ.

ಎರಡನೆಯದು, ವರ್ಡ್‌ನಲ್ಲಿ ‘ಪ್ರಿಂಟ್’ ದಾರಿ ಹಿಡಿಯದೆ ‘ಸೇವ್ ಆ್ಯಸ್’ಗೆ ಹೋಗಿ ಪಿಡಿಎಫ್ ಆರಿಸಿ. ಪ್ರಿಂಟ್ ದಾರಿಯಲ್ಲಿ ಬುಕ್‌ಮಾರ್ಕ್, ಕೊಂಡಿ, ಟ್ಯಾಗ್ ಎಲ್ಲ ಕಳೆದುಹೋಗುತ್ತವೆ. ಉಳಿಸುವ ಮೊದಲು ‘ಆಪ್ಷನ್ಸ್’ ಒತ್ತಿ ಎರಡು ಚೌಕ ಗುರುತಿಸಿ. ಒಂದು, ‘ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್’: ಯಾವುದು ಶೀರ್ಷಿಕೆ, ಯಾವುದು ಪ್ಯಾರಾ, ಯಾವುದು ಕೋಷ್ಟಕ ಎಂಬ ಗುರುತುಗಳು. ಇನ್ನೊಂದು ‘ಪಿಡಿಎಫ್/ಎ’: ಬಹುಕಾಲ ಕಾಪಿಡುವ ದಾಖಲೆಗಳಿಗಾಗಿ 2005ರಲ್ಲಿ ಬಂದ ಐಎಸ್‌ಒ ಮಾನಕ. ಇದರಲ್ಲಿ ಫಾಂಟ್‌ಗಳು ಕಡತದೊಳಗೇ ಇರಬೇಕು, ಪಾಸ್‌ವರ್ಡ್ ಹಾಕುವಂತಿಲ್ಲ. ಸಂಘದ ಸ್ಮರಣ ಸಂಚಿಕೆ, ಊರಿನ ಇತಿಹಾಸದಂಥವಕ್ಕೆ ನನ್ನ ಮತ ಯಾವಾಗಲೂ ಇದಕ್ಕೇ. ಲಿಬ್ರೆಆಫೀಸ್ ಬಳಸುವವರಿಗೆ ‘ಎಕ್ಸ್‌ಪೋರ್ಟ್ ಆ್ಯಸ್ ಪಿಡಿಎಫ್’ ಕಿಟಕಿಯಲ್ಲಿ ಇವೆರಡರ ಜೊತೆಗೆ ‘ಹೈಬ್ರಿಡ್ ಪಿಡಿಎಫ್’ ಕೂಡ ಇದೆ. ಅದನ್ನು ಗುರುತಿಸಿದರೆ ತಿದ್ದಬಹುದಾದ ಮೂಲ ಪ್ರತಿಯೂ ಪಿಡಿಎಫ್‌ನೊಳಗೇ ಅಡಗಿ ಕೂರುತ್ತದೆ.

ಆದಮೇಲೆ ಪರೀಕ್ಷೆ. ಅಕ್ರೊಬ್ಯಾಟ್ ರೀಡರಿನಲ್ಲಿ ಕಡತ ತೆರೆದು ಕಂಟ್ರೋಲ್ ಜೊತೆ ಡಿ ಒತ್ತಿ, ‘ಫಾಂಟ್ಸ್’ ನೋಡಿ. ಪ್ರತಿ ಫಾಂಟಿನ ಮುಂದೆ ‘ಎಂಬೆಡೆಡ್’ ಅಥವಾ ‘ಎಂಬೆಡೆಡ್ ಸಬ್‌ಸೆಟ್’ ಎಂದಿರಬೇಕು. ಎಂಬೆಡ್ ಎಂದರೆ ಫಾಂಟ್ ಕಡತದೊಳಗೇ ಇರುವುದು, ಅಡುಗೆ ಭಟ್ಟರು ಪಾತ್ರೆ ಸಮೇತ ಮದುವೆ ಮನೆಗೆ ಬಂದ ಹಾಗೆ. ಸಬ್‌ಸೆಟ್ ಎಂದರೆ ಆ ದಿನದ ಅಡುಗೆಗೆ ಬೇಕಾದ ಪಾತ್ರೆಗಳನ್ನಷ್ಟೇ ತಂದಿದ್ದಾರೆ ಎಂದು. ಆ ಮಾತು ಇಲ್ಲದಿದ್ದರೆ ನಿಮ್ಮ ಫಾಂಟ್ ಇಲ್ಲದ ಯಂತ್ರದಲ್ಲಿ ಅಕ್ಷರಗಳ ಬದಲು ಚೌಕಗಳು ಕಂಡರೆ ಆಶ್ಚರ್ಯಪಡಬೇಡಿ. ಕೊನೆಗೆ ಕಂಟ್ರೋಲ್ ಎಫ್ ಒತ್ತಿ ಅರ್ಕಾವೊತ್ತು ಇರುವ ಒಂದು ಪದ ಹುಡುಕಿ. ಸಿಕ್ಕಿತೋ, ಕಡತ ಗಟ್ಟಿ.

ಸ್ಕ್ಯಾನ್ ಮಾಡಿದ್ದು, 200 ಕೆಬಿ ಮಿತಿಯದ್ದು

ಸ್ಕ್ಯಾನ್ ಪ್ರತಿಯ ಕಥೆ ಬೇರೆ. ಅದರಲ್ಲಿ ಅಕ್ಷರಗಳೇ ಇಲ್ಲ, ಪುಟದ ಫೋಟೊ ಇದೆ. ಮೌಸ್‌ನಿಂದ ಒಂದು ಸಾಲು ಎಳೆದು ನೋಡಿದರೆ ತಿಳಿಯುತ್ತದೆ: ಪದಗಳು ನೀಲಿಯಾಗದಿದ್ದರೆ ಬರೀ ಚಿತ್ರ. ಚಿತ್ರದಿಂದ ಅಕ್ಷರ ಗುರುತಿಸುವ ಕೆಲಸವೇ ಓಸಿಆರ್. ಉಚಿತ ತಂತ್ರಾಂಶ ಟೆಸರಾಕ್ಟ್‌ಗೆ ಕನ್ನಡ ಬರುತ್ತದೆ. ಗೂಗಲ್ ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೂ ಆಗುತ್ತದೆ. ಹಳೆಯ ಅಚ್ಚುಮೊಳೆಯ ಪುಸ್ತಕವಾದರೆ ತಿದ್ದುವ ಕೆಲಸ ಮಾತ್ರ ಸಾಕಷ್ಟಿರುತ್ತದೆ.

ಅರ್ಜಿಯ ಪೋರ್ಟಲ್ ‘200 ಕೆಬಿ ಮೀರಬಾರದು’ ಎಂದಾಗ ಲೆಕ್ಕ ಹೀಗೆ. ಎ4 ಹಾಳೆಯನ್ನು 300 ಡಿಪಿಐಗೆ, ಅಂದರೆ ಇಂಚಿಗೆ 300 ಚುಕ್ಕಿಯಂತೆ ಸ್ಕ್ಯಾನ್ ಮಾಡಿದರೆ 2480ಕ್ಕೆ 3508, ಒಟ್ಟು ಸುಮಾರು 87 ಲಕ್ಷ ಚುಕ್ಕಿ. ಬಣ್ಣದಲ್ಲಾದರೆ ಚುಕ್ಕಿಗೆ 3 ಬೈಟ್, ಕುಗ್ಗಿಸುವ ಮೊದಲು ಸುಮಾರು 26 ಎಂಬಿ. ಬೂದುಬಣ್ಣಕ್ಕೆ ಅದರ ಮೂರನೇ ಒಂದು ಪಾಲು, ಅಪ್ಪಟ ಕಪ್ಪು-ಬಿಳುಪಿಗೆ 1 ಎಂಬಿ ಚಿಲ್ಲರೆ. ಹಾಗಾಗಿ ಮೊದಲು ಬಣ್ಣ ಬಿಡಿ, ಅದೂ ಸಾಲದಿದ್ದರೆ ಡಿಪಿಐಯನ್ನು 200ಕ್ಕೆ ಇಳಿಸಿ; ಚುಕ್ಕಿಗಳು ಅರ್ಧಕ್ಕಿಂತ ಕಡಿಮೆಯಾಗುತ್ತವೆ. ಜೆಪೆಗ್ (ಚಿತ್ರವನ್ನು ಕುಗ್ಗಿಸುವ ವಿಧಾನ) ಗುಣಮಟ್ಟ ಇಳಿಸುವುದು ಕಟ್ಟಕಡೆಗೆ. ಅದನ್ನು ಅತಿಯಾಗಿ ಇಳಿಸಿದರೆ ಅಕ್ಷರದ ಅಂಚುಗಳು ಕದಡಿ ಪ ಯಾವುದು, ಷ ಯಾವುದು ತಿಳಿಯದು. ಒತ್ತಕ್ಷರಗಳಂತೂ ಮಸಿಯ ಚುಕ್ಕೆಯಾಗುತ್ತವೆ. ಮೊಬೈಲಿನ ಸ್ಕ್ಯಾನ್ ಆ್ಯಪ್‌ನಲ್ಲಿ ಪುಟದ ಅಳತೆ ಎ4 ಇದೆಯೇ ನೋಡಿಕೊಳ್ಳಿ. ಅಮೆರಿಕದ ‘ಲೆಟರ್’ ಅಳತೆ ಇದ್ದರೆ ಮುದ್ರಿಸುವಾಗ ಅಂಚು ಹೊಂದುವುದಿಲ್ಲ.

ಮುಚ್ಚುವುದು, ಸಹಿ ಉಳಿಸುವುದು

ಆಧಾರ್ ಸಂಖ್ಯೆಯ ಮೇಲೊಂದು ಕಪ್ಪು ಚೌಕ ಎಳೆದು ಕಳಿಸುವವರಿದ್ದಾರೆ. ಚೌಕದ ಕೆಳಗೆ ಅಂಕಿಗಳು ಹಾಗೇ ಇರುತ್ತವೆ, ಎಳೆದು ನಕಲು ಮಾಡಿ ಅಂಟಿಸಿದರೆ ಹೊರಬರುತ್ತವೆ. ಒಳಗಿನ ಪಠ್ಯವನ್ನೇ ಅಳಿಸುವುದಕ್ಕೆ ರೆಡ್ಯಾಕ್ಷನ್ ಎಂದು ಹೆಸರು, ಆ ಸೌಲಭ್ಯ ಉಚಿತ ರೀಡರಿನಲ್ಲಿ ಇಲ್ಲ. ಆಧಾರ್ ಮಟ್ಟಿಗೆ ಮೊದಲ 8 ಅಂಕಿ ಮರೆಯಾದ ‘ಮಾಸ್ಕ್ಡ್ ಆಧಾರ್’ ಇಳಿಸಿಕೊಳ್ಳುವುದೇ ಸುಲಭ.

ಅರ್ಜಿ ನಮೂನೆಯಲ್ಲಿ ತುಂಬಿದ ವಿವರ ಆ ಕಡೆ ಖಾಲಿ ಕಂಡಿತೇ? ಫ್ಲ್ಯಾಟನ್ ಮಾಡಬೇಕು, ಅಂದರೆ ತುಂಬಿದ್ದನ್ನು ಪುಟದ ಭಾಗವೇ ಆಗಿಸಬೇಕು. ಪ್ರಿಂಟ್ ಕಿಟಕಿಯಿಂದ ಮತ್ತೆ ಪಿಡಿಎಫ್ ಆಗಿ ಉಳಿಸಿದರೆ ಸಾಕು.

ಡಿಜಿಟಲ್ ಸಹಿ ಇರುವ ಕಡತಕ್ಕೆ ಮಾತ್ರ ಈ ಉಪಾಯ ಬೇಡ. ಸಹಿ ಕಡತದ ಪ್ರತಿ ಬೈಟಿಗೂ ಕಟ್ಟುಬಿದ್ದಿರುತ್ತದೆ. ಫ್ಲ್ಯಾಟನ್ ಮಾಡಿದರೆ, ಕುಗ್ಗಿಸಿದರೆ, ಇನ್ನೊಂದಕ್ಕೆ ಜೋಡಿಸಿದರೆ ಸಹಿ ಕೆಡುತ್ತದೆ ಅಥವಾ ಮಾಯವಾಗುತ್ತದೆ. ಸಹಿಯ ಮೇಲೆ ಹಳದಿ ಪ್ರಶ್ನಾರ್ಥಕ ಚಿಹ್ನೆ ಕಂಡರೆ ಅದು ನಕಲಿ ಎಂದಲ್ಲ, ಸಹಿ ಹಾಕಿದವರನ್ನು ನಿಮ್ಮ ರೀಡರ್ ಇನ್ನೂ ಗುರುತಿಸಿಲ್ಲ ಎಂದಷ್ಟೇ. ಸಹಿಯ ಮೇಲೆ ಬಲ ಗುಂಡಿ ಒತ್ತಿ ‘ಸಿಗ್ನೇಚರ್ ಪ್ರಾಪರ್ಟೀಸ್’, ಅಲ್ಲಿಂದ ಸಹಿದಾರರ ಸರ್ಟಿಫಿಕೇಟ್ ತೆರೆಯಿರಿ. ಯಾರ ಸರ್ಟಿಫಿಕೇಟಿಗೆ ಯಾರು ಹೊಣೆ ಎಂದು ತೋರಿಸುವ ಸರಪಳಿಯ ತುದಿಯಲ್ಲಿ ‘ಸಿಸಿಎ ಇಂಡಿಯಾ’ (ಇಂಥ ಸಹಿಗಳ ಉಸ್ತುವಾರಿಯ ಸರ್ಕಾರಿ ಸಂಸ್ಥೆ) ಇದ್ದರೆ ಅದನ್ನು ಆರಿಸಿ ‘ಟ್ರಸ್ಟ್’ ಭಾಗದಲ್ಲಿ ನಂಬಿಕೆಯ ಪಟ್ಟಿಗೆ ಸೇರಿಸಿ, ಮತ್ತೆ ಪರಿಶೀಲಿಸಿ. ಹಸಿರು ಗುರುತು ಬರುತ್ತದೆ. ಮುದ್ರಿಸಿದ ಕಾಗದಕ್ಕೆ ಈ ಪರೀಕ್ಷೆ ನಡೆಯುವುದಿಲ್ಲ. ಪೋರ್ಟಲ್‌ಗೆ ಚಿಕ್ಕದು ಬೇಕೆಂದರೆ ಕಡತದ ಒಂದು ನಕಲು ಮಾಡಿಕೊಂಡು ಅದನ್ನು ಕುಗ್ಗಿಸಿ, ಇಳಿಸಿಕೊಂಡ ಮೂಲ ಕಡತವನ್ನು ಮುಟ್ಟದೆ ಬೇರೆ ಫೋಲ್ಡರಿನಲ್ಲಿ ಇಡಿ.