ಗಂಗಾವತಿ ಭತ್ತದ ಲೆಕ್ಕ, ಮೆಮೊರಿಯೊಳಗೇ

ಗಂಗಾವತಿಯ ಭತ್ತ ಅಕ್ಕಿಯಾಗಲು ಬೆಂಗಳೂರಿಗೆ ಹೋಗಬೇಕಿಲ್ಲ, ಮಿಲ್ಲು ಊರಲ್ಲೇ ಇದೆ. ಕಂಪ್ಯೂಟರ್ ಮಾತ್ರ ಒಂದು ಸಣ್ಣ ಕೂಡಿಕೆಗೂ ಅಂಕಿಗಳನ್ನು ಮೆಮೊರಿಯಿಂದ ಪ್ರೊಸೆಸರ್‌ವರೆಗೆ ಹೊರುತ್ತದೆ. 45 ನ್ಯಾನೊಮೀಟರ್ ಚಿಪ್‌ಗಳ ಲೆಕ್ಕ ಹಿಡಿದರೆ, 32 ಬಿಟ್‌ನ ಎರಡು ಪೂರ್ಣಾಂಕ ಕೂಡಲು ಸುಮಾರು 0.1 ಪಿಕೊಜೌಲ್ (ಶಕ್ತಿಯ ಅತಿ ಸಣ್ಣ ಅಳತೆ) ಸಾಕು; ಕಂಪ್ಯೂಟರಿನ ಮುಖ್ಯ ಮೆಮೊರಿಯಾದ ಡಿರ್ಯಾಮ್‌ನಿಂದ 32 ಬಿಟ್ ತರಲು ಸುಮಾರು 640. ಮಾಲಿಗಿಂತ ಲಾರಿ ಬಾಡಿಗೆಯೇ ದುಬಾರಿ.

ಈ ಹೊರೆ ತಪ್ಪಿಸಲು ಮಿಲ್ಲನ್ನೇ ಮೆಮೊರಿಯೊಳಗೆ ಇಟ್ಟದ್ದು ಯುಪಿಮೆಮ್ ಕಂಪನಿಯ ಮೆಮೊರಿ. ಅದರ ಪ್ರತಿ ಚಿಪ್‌ನಲ್ಲಿ ಡಿಪಿಯು ಎಂಬ 8 ಪುಟ್ಟ ಪ್ರೊಸೆಸರ್‌ಗಳಿವೆ. ಪ್ರತಿಯೊಂದಕ್ಕೂ ದಾಖಲೆ ಇಡಲು 64 ಎಂಬಿ ದೊಡ್ಡ ಮೆಮೊರಿ, ಅದು ಗೋದಾಮು; ಲೆಕ್ಕ ಮಾಡಲು 64 ಕೆಬಿ ಸಣ್ಣ ಮೆಮೊರಿ, ಅದು ಕಣ. ಹಾರ್ಡ್‌ವೇರ್ ಇಲ್ಲದವರು ಅದರ ಸಾಫ್ಟ್‌ವೇರ್ ಕಿಟ್‌ನ ಸಿಮ್ಯುಲೇಟರ್‌ನಲ್ಲಿ, ಅಂದರೆ ಚಿಪ್‌ನ ಅನುಕರಣೆಯಲ್ಲಿ, ಸಿ ಭಾಷೆಯ ಪ್ರೋಗ್ರಾಂ ಓಡಿಸಿ ಕಲಿಯಬಹುದು.

ಅಭ್ಯಾಸಕ್ಕೆ 64 ಲಕ್ಷ ಚೀಲ ಭತ್ತದ ಕೃತಕ ದಾಖಲೆ ಮಾಡಿಕೊಳ್ಳಿ, ಚೀಲಕ್ಕೆ 75 ಕೆಜಿಯಂತೆ. ಪ್ರಶ್ನೆ ಎರಡು: ಸರ್ಕಾರಿ ಖರೀದಿಯ ಮಿತಿಯಾದ ಶೇ 17 ತೇವಾಂಶ ಮೀರಿದ ಚೀಲ ಎಷ್ಟು? ಒಟ್ಟು ತೂಕ ಎಷ್ಟು?

ಡಿಪಿಯುನಲ್ಲಿ ದಶಾಂಶದ ಲೆಕ್ಕಕ್ಕೆ ಹಾರ್ಡ್‌ವೇರ್ ಇಲ್ಲ. ಸಾಫ್ಟ್‌ವೇರ್‌ನಲ್ಲಿ ಮಾಡಿಸಿದರೆ ಆಮೆ ನಡಿಗೆ. ಹಾಗಾಗಿ 17.2 ಅನ್ನು 172 ಎಂದು, ತೂಕವನ್ನು ಗ್ರಾಂನಲ್ಲಿ ಇಡಿ. ತಲಾ 4 ಬೈಟ್, ದಾಖಲೆಗೆ 8 ಬೈಟ್. ಇದು ಅನುಕೂಲಕ್ಕೇ ಬಂತು: ಗೋದಾಮಿನಿಂದ ಕಣಕ್ಕೆ ತರುವ ಪ್ರತಿ ಕಂತು 8ರ ಗುಣಕವಾಗಿರಬೇಕು, 2048 ಬೈಟ್ ದಾಟಬಾರದು.

64 ಡಿಪಿಯುಗಳಿಗೆ ತಲಾ 1 ಲಕ್ಷ ದಾಖಲೆ ಹಂಚಿ. ಒಂದು ಕಂತಿಗೆ 256 ದಾಖಲೆ, ಅಂದರೆ 390 ಪೂರ್ಣ ಕಂತು, ಕೊನೆಯದರಲ್ಲಿ ಬರೀ 160. ಹೆಚ್ಚಿನವರು ಎಡವುವುದು ಇಲ್ಲೇ: ಕೊನೆಯ ಕಂತನ್ನೂ ಪೂರ್ತಿ ಎಣಿಸಿದರೆ ಹಳೆಯ ಕಸವೂ ಭತ್ತವೆನಿಸಿಕೊಳ್ಳುತ್ತದೆ. ತೇವಾಂಶ 0, ತೂಕ 0 ಇರುವ 96 ದಾಖಲೆ ಸೇರಿಸಿ 391 ಕಂತು ಸರಿಮಾಡಿ. ಸೊನ್ನೆಯಿಂದ ಯಾವ ಉತ್ತರವೂ ಕೆಡದು.

ಒಂದು ಡಿಪಿಯುನಲ್ಲಿ 24 ಟಾಸ್ಕ್‌ಲೆಟ್‌ಗಳು, ಅಂದರೆ ಕೆಲಸ ಹಂಚಿಕೊಂಡು ಜೊತೆಜೊತೆಗೆ ಸಾಗುವ ಆಳುಗಳು, ಓಡಬಲ್ಲವು. ಕನಿಷ್ಠ 11 ಇಲ್ಲದಿದ್ದರೆ ಆದೇಶಗಳು ಸಾಲಾಗಿ ಸಾಗುವ ಪೈಪ್‌ಲೈನ್ ಆಗಾಗ ಖಾಲಿ ಸುತ್ತುತ್ತದೆ, ಏಕೆಂದರೆ ಒಂದೇ ಟಾಸ್ಕ್‌ಲೆಟ್‌ನ ಎರಡು ಆದೇಶಗಳ ನಡುವೆ 11 ಸೈಕಲ್ (ಪ್ರೊಸೆಸರ್ ಗಡಿಯಾರದ ಮಿಡಿತ) ಅಂತರ ಬೇಕು. 16 ಇಟ್ಟುಕೊಳ್ಳಿ, ಕಂತು ಇಳಿಸಿಕೊಳ್ಳುವ ತಲಾ 2 ಕೆಬಿ ಬಫರ್‌ಗೆ ಕಣದ 32 ಕೆಬಿ ಹೋಗುತ್ತದೆ, ಪ್ರೋಗ್ರಾಂನ ತಾತ್ಕಾಲಿಕ ಅಂಕಿಗಳಿರುವ ಸ್ಟ್ಯಾಕ್‌ಗೂ ಜಾಗ ಉಳಿಯುತ್ತದೆ. ಪ್ರತಿ ಟಾಸ್ಕ್‌ಲೆಟ್ ತನ್ನ ಎಣಿಕೆ ತಾನೇ ಇಟ್ಟುಕೊಳ್ಳಲಿ, ಆಗ ಒಂದೇ ಎಣಿಕೆಯನ್ನು ಇಬ್ಬರು ಒಟ್ಟಿಗೆ ಮುಟ್ಟದಂತೆ ತಡೆಯುವ ಬೀಗ ಬೇಡ. ಎಲ್ಲರೂ ಬರುವವರೆಗೆ ಕಾಯಿಸುವ ತಡೆಗಟ್ಟೆಯಲ್ಲಿ (ಬ್ಯಾರಿಯರ್) ಎಲ್ಲರೂ ಬಂದ ಮೇಲೆ ಒಬ್ಬನೇ ಎಲ್ಲರ ಎಣಿಕೆ ಕೂಡಲಿ.

ಆ ಕೂಡಿಕೆ 64 ಬಿಟ್‌ನಲ್ಲಿರಬೇಕು. ಒಬ್ಬ ಟಾಸ್ಕ್‌ಲೆಟ್‌ನ ಮೊತ್ತ ಸುಮಾರು 48 ಕೋಟಿ ಗ್ರಾಂ, 32 ಬಿಟ್‌ಗೆ ಹಿಡಿಸುತ್ತದೆ. ಇಡೀ ಡಿಪಿಯುದು 750 ಕೋಟಿ. 32 ಬಿಟ್‌ನ ಮಿತಿ 429 ಕೋಟಿ ಚಿಲ್ಲರೆ. ತಪ್ಪು ಎಂದು ಎಲ್ಲೂ ಎಚ್ಚರಿಕೆ ಬರುವುದಿಲ್ಲ, ತೂಕ ಸುಮ್ಮನೆ ಕಡಿಮೆ ತೋರುತ್ತದೆ.

ಡಿಪಿಯುಗಳು ಒಂದರೊಡನೊಂದು ನೇರ ಮಾತಾಡಲಾರವು. 64 ಉತ್ತರಗಳನ್ನು ಮುಖ್ಯ ಪ್ರೊಸೆಸರ್ ತಂದು ಕೂಡಬೇಕು. ದಾಖಲೆಯನ್ನು ಪ್ರತಿ ಪ್ರಶ್ನೆಗೂ ಹೊಸದಾಗಿ ತುಂಬಿದರೆ ಉಳಿತಾಯವೆಲ್ಲ ಸಾಗಣೆಗೇ ಹೋಗುತ್ತದೆ; ಒಮ್ಮೆ ತುಂಬಿ ಹತ್ತಾರು ಪ್ರಶ್ನೆ ಕೇಳುವವರಿಗಷ್ಟೇ ಇದು ಲಾಭ. ನಮ್ಮ 5 ಕೋಟಿ ಬೈಟ್‌ನ ಕಡತಕ್ಕೆ ಸಾದಾ ಲ್ಯಾಪ್‌ಟಾಪೇ ಧಾರಾಳ. ಅದೇ ಲ್ಯಾಪ್‌ಟಾಪಿನಲ್ಲಿ ಎರಡೂ ಉತ್ತರ ತೆಗೆದು ತಾಳೆ ನೋಡಿ. ಸಿಮ್ಯುಲೇಟರ್ ಓಡಲು ಹಿಡಿದ ಸಮಯವನ್ನು ಮಾತ್ರ ವೇಗವೆಂದು ವರದಿಯಲ್ಲಿ ಬರೆಯಬೇಡಿ.